ಒಂದು ಮೊಳೆ ತಯಾರಾಗುವವರೆಗೆ ನಿಲ್ಲಿ

ಪ್ರಶ್ನೆ: ಮುಂದಿನ ತಿಂಗಳು ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ಲಿವಿಂಗ್ ಹಿಸ್ಟರಿ ಮ್ಯೂಸಿಯಂಗೆ ಹೋಗೋಣ ಅಂತಿದ್ದೇವೆ. ಹಳೇ ಕಾಲದ ಹಳ್ಳಿಯನ್ನೇ ಕಟ್ಟಿಟ್ಟು, ಆ ಕಾಲದ ಬಟ್ಟೆ ತೊಟ್ಟವರು ಕೆಲಸ ಮಾಡುತ್ತಾ ಮಾತಾಡಿಸುತ್ತಾರಲ್ಲ, ಅಂಥದ್ದು. ಎರಡು ವರ್ಷದ ಹಿಂದೆ ಒಮ್ಮೆ ಹೋಗಿದ್ದೆವು. ಸುಮಾರು 30 ಮನೆ ನೋಡಿದೆವು, ಫೋಟೋ ತೆಗೆದೆವು, ಒಂದೂವರೆ ಗಂಟೆಗೆಲ್ಲ ಮಕ್ಕಳು ವಾಪಸ್ ಹೋಗೋಣ ಅಂತ ಹಟ ಹಿಡಿದರು. ವೇಷ ಹಾಕಿದವರು ಮಾತಾಡಿಸಿದಾಗ ಏನು ಹೇಳಬೇಕೋ ತೋಚದೆ ಪೆಚ್ಚಾಗಿ ನಕ್ಕು ಬಂದೆವು. ಮಗಳಿಗೆ 13 ವರ್ಷ, ಮಗನಿಗೆ 5. ಅತ್ತೆಗೆ ಮೊಣಕಾಲು ನೋವು, ಆದರೂ ಬರುತ್ತೇನೆ ಅಂತಾರೆ. ಈ ಸಲ ದುಡ್ಡು, ದಿನ ಎರಡೂ ದಂಡ ಆಗಬಾರದು. ಹೇಗೆ ನೋಡಬೇಕು? ಅತ್ತೆಗೆ ಅಂತ ಮಡಚುವ ಸ್ಟೂಲ್ ತಗೊಂಡು ಹೋಗಬಹುದಾ?

ಉತ್ತರ: ಒಂದೂವರೆ ಗಂಟೆ, 30 ಮನೆ. ಅಂದರೆ ಮನೆಗೆ ಮೂರು ನಿಮಿಷ, ಅದೂ ನಡೆದಾಡಿದ ಹೊತ್ತು ಸೇರಿ. ಮಕ್ಕಳು ಹಟ ಹಿಡಿದದ್ದರಲ್ಲಿ ಅವರ ತಪ್ಪೇನೂ ಇಲ್ಲ ಬಿಡಿ. ಹಾಗೆ ನೋಡಿದರೆ ನನಗೂ ಬೇಜಾರಾಗುತ್ತೆ.

ನಾನು ಇಂಥದ್ದೇ ಒಂದು ಹಳ್ಳಿಯಲ್ಲಿ ಹಲವು ವರ್ಷ ಉದ್ದ ಲಂಗ ತೊಟ್ಟು, ತಲೆಗೆ ಬಿಳಿ ಟೊಪ್ಪಿಗೆ ಕಟ್ಟಿಕೊಂಡು ಒಲೆ ಮುಂದೆ ಕೂತವಳು. ಈಗ ಹೊಸದಾಗಿ ಸೇರಿದವರಿಗೆ ಕಲಿಸುತ್ತೇನೆ. ಬಾಗಿಲಲ್ಲಿ ತಲೆ ತೂರಿಸಿ "ಓ, ಅಡುಗೆಮನೆ" ಅಂದು ಹೊರಟುಹೋದವರ ಲೆಕ್ಕ ಇಟ್ಟಿಲ್ಲ. ಮ್ಯೂಸಿಯಂ ಅಂದರೆ ಗಾಜಿನ ಪೆಟ್ಟಿಗೆ, ಸಾಲಾಗಿ ನಡಿ, ಮುಂದಿನದು ನೋಡು ಅಂತ ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಈ ಹಳ್ಳಿಗಳಲ್ಲಿ ಮನೆ ಬರೀ ಸೂರು, ನೋಡಬೇಕಾದ್ದು ಅದರೊಳಗೆ ನಡೀತಿರೋ ಕೆಲಸ. ಕೆಲಸ ಅಂದಮೇಲೆ ಅದಕ್ಕೊಂದು ಶುರು ಇರುತ್ತೆ, ಒಂದು ಕೊನೆ ಇರುತ್ತೆ. ನಡುವೆ ಬಂದು ನಡುವೆ ಎದ್ದು ಹೋದರೆ ಏನು ತಾನೇ ಸಿಗುತ್ತೆ?

ಹಾಗಾಗಿ ಇಡೀ ದಿನಕ್ಕೆ ಮೂರು ಕೆಲಸ ಆರಿಸಿಕೊಳ್ಳಿ. ಅದರಲ್ಲಿ ಒಂದನ್ನಾದರೂ ಶುರುವಿನಿಂದ ಮುಗಿಯುವವರೆಗೆ ನಿಂತು ನೋಡಿ. ಮಿಕ್ಕಿದ್ದು ದಾರಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಯಾವುದು ಆರಿಸಲಿ ಅಂತ ಕೇಳಿದರೆ, ಮೊದಲ ಸಲಕ್ಕೆ ಕಮ್ಮಾರನ ಕುಲುಮೆ. ಯಾಕೆಂದರೆ ಅಲ್ಲಿ ಒಂದು ಮೊಳೆ ಮಾಡೋಕೆ ಕೆಲವೇ ನಿಮಿಷ ಸಾಕು, ಐದು ವರ್ಷದವನ ತಾಳ್ಮೆಗೂ ಅದು ನಿಲುಕುತ್ತೆ.

ಒಳಗೆ ಹೋದ ತಕ್ಷಣ ಕತ್ತಲೆ ಅನ್ನಿಸುತ್ತೆ. ಕಿಟಕಿ ಚಿಕ್ಕದು, ಗೋಡೆಯೆಲ್ಲ ಮಸಿ. ಬಡವರ ಕೊಟ್ಟಿಗೆ, ಅದಕ್ಕೇ ಹಾಗೆ ಅಂದುಕೊಳ್ಳುತ್ತಾರೆ ಜನ. ಅಲ್ಲ, ಬೇಕಂತಲೇ ಕತ್ತಲೆ. ಕಬ್ಬಿಣ ಎಷ್ಟು ಕಾದಿದೆ ಅಂತ ಕಮ್ಮಾರ ತಿಳಿಯೋದು ಬಣ್ಣದಿಂದ. ಮೊದಲು ಮಂಕು ಕೆಂಪು, ಆಮೇಲೆ ಹೊಳೆಯೋ ಕೆಂಪು, ಕಿತ್ತಳೆ, ಹಳದಿ. ಬೆಳ್ಳಗಾಗಿ ಕಿಡಿ ಹಾರೋಕೆ ಶುರುವಾದರೆ ಕಬ್ಬಿಣವೇ ಸುಟ್ಟುಹೋಗ್ತಿದೆ ಅಂತ ಅರ್ಥ. ಬಿಸಿಲು ಒಳಗೆ ಬಿದ್ದರೆ ಈ ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಗೊತ್ತಾಗಲ್ಲ. ಮಗನಿಗೆ ಇಷ್ಟು ಹೇಳಿಬಿಡಿ: "ಹಳದಿ ಬಂದಾಗ ಹೇಳು." ಅಲ್ಲಿಂದ ಅವನು ಕದಲಲ್ಲ.

ಆಮೇಲಿನದು ಬೇಗ ಬೇಗ ನಡೆಯುತ್ತೆ, ಕಣ್ಣು ಮಿಟುಕಿಸಬೇಡಿ. ತಿದಿ ಒತ್ತಿ ಕೆಂಡ ಎಬ್ಬಿಸಿ, ಕಾದ ಸಲಾಕೆಯನ್ನು ಅಡಿಗಲ್ಲ (ಬಡಿಯೋಕೆ ಅಂತ ಇಟ್ಟ ಕಬ್ಬಿಣದ ದಿಮ್ಮಿ) ಮೇಲಿಟ್ಟು, ಒಂದೊಂದು ಏಟಿಗೂ ಒಂದಿಷ್ಟು ತಿರುಗಿಸುತ್ತಾ ನಾಲ್ಕೂ ಮುಖ ತಟ್ಟಿ ಚೂಪು ಮಾಡುತ್ತಾರೆ. ಬೇಕಾದಷ್ಟು ಉದ್ದಕ್ಕೆ ಉಳಿಯ ಮೇಲಿಟ್ಟು ಮುಕ್ಕಾಲು ಭಾಗ ಕಡಿಯುತ್ತಾರೆ, ಪೂರ್ತಿ ಅಲ್ಲ. ಒಂದು ಕಬ್ಬಿಣದ ಪಟ್ಟಿಯಲ್ಲಿ ತೂತು ಇರುತ್ತೆ, ಅದರೊಳಗೆ ಚೂಪು ತುದಿ ತೂರಿಸಿ ಸಲಾಕೆ ತಿರುಚಿದರೆ ಅಷ್ಟು ತುಂಡು ಮುರಿದು ತೂತಿನಲ್ಲೇ ಉಳಿಯುತ್ತೆ. ಮೇಲೆ ಇಣುಕೋ ಚೂರಿಗೆ ನಾಲ್ಕೈದು ಏಟು. ತಲೆ ಬಂತು. ನೀರಿಗೆ ಅದ್ದಿದಾಗ ಚುಸ್ ಅಂತ ಆವಿ, ಕಬ್ಬಿಣ ಕುಗ್ಗಿ ಮೊಳೆ ತಾನಾಗಿ ಉದುರುತ್ತೆ. ಕಬ್ಬಿಣ ತಣ್ಣಗಾಗುವ ಮೊದಲು ಇಷ್ಟೆಲ್ಲ ಮುಗಿಯಬೇಕು. ತಡವಾದರೆ ಮತ್ತೆ ಕೆಂಡಕ್ಕೆ. ಕೈ ಪಳಗಿದವರು ಒಂದೇ ಕಾವಿಗೆ ಮುಗಿಸುತ್ತಾರೆ, ಹೊಸಬರಿಗೆ ಮೂರು ಸಲ ಕಾಯಿಸಬೇಕಾಗುತ್ತೆ. ಅದನ್ನೂ ಎಣಿಸೋಕೆ ಹೇಳಿ ಮಗನಿಗೆ!

ಈಗ ಆ ಮೊಳೆ ಅಂಗೈಯಲ್ಲಿಟ್ಟು ಕೊಟ್ಟಾಗ (ಆರಿದ ಮೇಲೆ, ಅವರೇ ಕೊಟ್ಟರೆ ಮಾತ್ರ, ನೀವಾಗಿ ಯಾವುದನ್ನೂ ಮುಟ್ಟಬೇಡಿ, ಕಪ್ಪಗಿರೋ ಕಬ್ಬಿಣವೂ ಚರ್ಮ ಸುಡುತ್ತೆ) ಹೊರಗೆ ಬಂದು ಎದುರಿಗಿರೋ ಮನೆಯ ಬಾಗಿಲು ನೋಡಿ. ಅದಕ್ಕೆ ಎಷ್ಟು ಮೊಳೆ ಹೊಡೆದಿದ್ದಾರೆ? ಮಾಡಿಗೆ ಎಷ್ಟು? ಆಗ ಒಂದು ವಿಷಯ ಹೇಳಿ. 1645ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಊರು ಬಿಟ್ಟು ಹೋಗೋ ಜನ ಮೊಳೆ ಆರಿಸಿಕೊಳ್ಳೋಕೆ ಅಂತಲೇ ಹಳೇ ಮನೆಗೆ ಬೆಂಕಿ ಇಡುತ್ತಿದ್ದರಂತೆ. ಹಾಗೆ ಸುಡಬೇಡಿ, ಆ ಮನೆಯಲ್ಲಿರೋವಷ್ಟು ಮೊಳೆ ಸರ್ಕಾರವೇ ಕೊಡುತ್ತೆ ಅಂತ ಆ ಕಾನೂನು. ಮೊದಲೇ ಹೇಳಿದ್ದರೆ ಇದು ಬರೀ ಕತೆ ಆಗ್ತಿತ್ತು. ಒಂದು ಮೊಳೆಗೆ ಬಿದ್ದ ಏಟುಗಳನ್ನು ಎಣಿಸಿದ ಮೇಲೆ ಮಕ್ಕಳಿಗೆ ಅದು ತಾನಾಗಿ ಅರ್ಥವಾಗುತ್ತೆ.

ಕುಲುಮೆ ಇಲ್ಲದಿದ್ದರೆ ಅಥವಾ ಹೊಗೆ ಆಗದಿದ್ದರೆ ಬೇರೆ ಕೆಲಸಗಳೂ ಇವೆ. ಮೇಣದಬತ್ತಿ ಅದ್ದೋದು ಚಿಕ್ಕವರಿಗೆ ಚೆನ್ನ, ಬತ್ತಿ ದಪ್ಪ ಆಗೋದು ಕಣ್ಣೆದುರೇ ಕಾಣುತ್ತೆ, ಎಷ್ಟೋ ಕಡೆ ಮಕ್ಕಳ ಕೈಗೇ ಕೊಡುತ್ತಾರೆ. ಅಚ್ಚುಕೂಟ ಮಗಳಿಗೆ ಇಷ್ಟ ಆಗಬಹುದು. ಅಲ್ಲಿ ಅಚ್ಚುಮೊಳೆಗಳನ್ನು ಜೋಡಿಸುವವರು ಉಲ್ಟಾ ಅಕ್ಷರಗಳನ್ನು ಸರಾಗವಾಗಿ ಓದುತ್ತಾರೆ. ಕಂಪ್ಯೂಟರ್‌ನಲ್ಲಿ ನಾವು ಇಂಗ್ಲಿಷ್ ಅಕ್ಷರಗಳಿಗೆ ಅಪ್ಪರ್ ಕೇಸ್, ಲೋವರ್ ಕೇಸ್ ಅಂತೀವಲ್ಲ, ಆ ಕೇಸ್ ಅಂದರೆ ಅಚ್ಚುಮೊಳೆ ಇಡೋ ಮರದ ತಟ್ಟೆ. ದೊಡ್ಡಕ್ಷರದ್ದು ಮೇಲಿನ ತಟ್ಟೆ, ಚಿಕ್ಕಕ್ಷರದ್ದು ಕೆಳಗಿನದು. ಮಗ್ಗದ ಮನೆಗೆ ಹೋದರೆ ಒಂದು ಮಾತು: ನೇಯೋದನ್ನು ನೋಡೋದಕ್ಕಿಂತ ಹಾಸು ಹಾಕೋದನ್ನು ನೋಡಿ, ಸಿಕ್ಕರೆ. ಒಂದೊಂದೇ ಎಳೆಯನ್ನು ಎತ್ತಿ ತೂರಿಸಿ ಕಟ್ಟೋ ಆ ಕೆಲಸ ದಿನಗಟ್ಟಲೆ ಹಿಡಿಯುತ್ತೆ, ಲಾಳಿ ಓಡೋದು ಅದರ ಮುಂದೆ ಆಟ.

ಅಂದಹಾಗೆ ಈ ಕೆಲಸ ಮಾಡಿ ತೋರಿಸೋ ಪದ್ಧತಿ ಈಚಿನದೇನಲ್ಲ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಆರ್ಥರ್ ಹಸೇಲಿಯಸ್ ಅನ್ನುವವರು 1891ರ ಅಕ್ಟೋಬರ್ 11ರಂದು ಸ್ಕಾನ್ಸೆನ್ ಅನ್ನೋ ಬಯಲು ಮ್ಯೂಸಿಯಂ ತೆರೆದರು. ಅದಕ್ಕೆ ಹತ್ತು ವರ್ಷ ಮೊದಲೇ, 1881ರಲ್ಲಿ, ಆಗ ಸ್ವೀಡನ್, ನಾರ್ವೆ ಎರಡಕ್ಕೂ ರಾಜನಾಗಿದ್ದ ಎರಡನೇ ಆಸ್ಕರ್ ನಾರ್ವೆಯ ಓಸ್ಲೋ ಹತ್ತಿರ ಹಳೇ ಕಟ್ಟಡಗಳನ್ನು ತಂದು ನಿಲ್ಲಿಸಲು ಶುರು ಮಾಡಿದ್ದ. ಹಸೇಲಿಯಸ್ ಕಟ್ಟಡಗಳಿಗೆ ನಿಲ್ಲಲಿಲ್ಲ. ರೈಲು, ಕಾರ್ಖಾನೆ ಬಂದು ಹಳ್ಳಿಯ ಬದುಕು ಕಣ್ಣೆದುರೇ ಕರಗುತ್ತಿದ್ದ ಕಾಲ ಅದು. ದೇಶದ ಬೇರೆ ಬೇರೆ ಕಡೆಯ ಮನೆಗಳನ್ನು ಕೊಂಡು, ಬಿಚ್ಚಿ, ಸಾಗಿಸಿ, ಮತ್ತೆ ಕಟ್ಟಿಸಿದರು. ಒಳಗೆ ಜನ ಇಟ್ಟರು, ಪ್ರಾಣಿಗಳನ್ನು ಇಟ್ಟರು. ಇವತ್ತು ಅಲ್ಲಿ ಸುಮಾರು 150 ಕಟ್ಟಡಗಳಿವೆ. ಪೋಲಿಷ್, ಚೆಕ್ ಭಾಷೆಗಳಲ್ಲಿ ಇಂಥ ಯಾವ ಮ್ಯೂಸಿಯಂ ಆದರೂ ‘ಸ್ಕಾನ್ಸೆನ್’ ಅಂತಲೇ ಕರೆಯುತ್ತಾರೆ.

ಇಲ್ಲಿಂದ ಮಗಳಿಗೆ ಒಂದು ಕೆಲಸ ಕೊಡಬಹುದು. ಪ್ರತಿ ಕಟ್ಟಡದಲ್ಲೂ ಅವಳು ಒಂದೇ ಪ್ರಶ್ನೆ ಕೇಳಲಿ: ಇದು ಮೊದಲಿಂದ ಇಲ್ಲೇ ಇತ್ತಾ, ಬೇರೆ ಕಡೆಯಿಂದ ತಂದದ್ದಾ, ಇಲ್ಲಾ ಹೊಸದಾಗಿ ಕಟ್ಟಿದ್ದಾ? ಮೂರೂ ಬೇರೆ ಬೇರೆ. ಅಮೆರಿಕದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಒಂದು ಹಳೇ ರಾಜಧಾನಿಯನ್ನೇ 1926ರಿಂದ, ರಾಕ್‌ಫೆಲರ್ ದುಡ್ಡಿನಲ್ಲಿ, ಅದು ಇದ್ದ ಜಾಗದಲ್ಲೇ ಸರಿಪಡಿಸಿದರು. ಎಷ್ಟೋ ಕಟ್ಟಡ ಅಸಲಿ, ಇನ್ನೂ ಎಷ್ಟೋ ಅಡಿಪಾಯ ಅಗೆದು ನೋಡಿ ಮತ್ತೆ ಕಟ್ಟಿದ್ದು. ಕೆನಡಾದ ಅಪ್ಪರ್ ಕೆನಡಾ ವಿಲೇಜ್‌ದು ಬೇರೆ ಕತೆ. ಸೇಂಟ್ ಲಾರೆನ್ಸ್ ನದಿಯ ಯೋಜನೆಗೆ ಅಂತ 1958ರಲ್ಲಿ ಊರು ಊರೇ ಮುಳುಗಿಸಿದರು, ಮುಳುಗೋ ಮೊದಲು ಕೆಲವು ಕಟ್ಟಡಗಳನ್ನು ಎತ್ತಿ ತಂದು 1961ರಲ್ಲಿ ಹಳ್ಳಿಯಾಗಿ ತೆರೆದರು. ಫ್ರಾನ್ಸಿನ ಗೆಡೆಲಾನ್‌ನಲ್ಲಿ ಹಳೇದು ಏನೂ ಇಲ್ಲ. 1997ರಲ್ಲಿ ಶುರು ಮಾಡಿ, 13ನೇ ಶತಮಾನದ ಉಪಕರಣ ಮಾತ್ರ ಬಳಸಿ ಒಂದು ಕೋಟೆಯನ್ನೇ ಹೊಸದಾಗಿ ಕಟ್ಟಿಕೊಂಡು ಬಂದಿದ್ದಾರೆ. ನನಗೇನೋ ಈ ಕೊನೆಯದು ತುಂಬ ಇಷ್ಟ. ಮುಗಿದ ಕೋಟೆ ಎಲ್ಲಾ ಕಡೆ ಸಿಗುತ್ತೆ, ಅರ್ಧ ಕಟ್ಟಿದ ಕೋಟೆ ಎಲ್ಲಿ ಸಿಗಬೇಕು?

ಇನ್ನೊಂದು ಹುಡುಕಾಟ ಇದೆ, ಇದು ಇಬ್ಬರೂ ಸೇರಿ ಮಾಡೋ ಅಂಥದ್ದು. ಹಳೇ ಮರದ ಮನೆಗಳಲ್ಲಿ ತೊಲೆ, ಕಂಬ ಸೇರೋ ಜಾಗ ನೋಡಿ. ಉಳಿಯಿಂದ ಗೀಚಿದ ಗೆರೆಗಳು ಇರುತ್ತವೆ, ರೋಮನ್ ಅಂಕಿಗಳ ಥರ: ಎರಡು ಗೀಟು, ಒಂದು ಕತ್ತರಿ, ಕತ್ತರಿ ಪಕ್ಕ ಒಂದು ಗೀಟು. ಬಡಗಿಗಳು ಮೊದಲು ನೆಲದ ಮೇಲೆ ಎಲ್ಲವನ್ನೂ ಜೋಡಿಸಿ ನೋಡಿ, ಯಾವ ತೊಲೆ ಯಾವ ಕಂಬಕ್ಕೆ ಅಂತ ಗುರುತು ಹಾಕಿ, ಬಿಚ್ಚಿ ಆಮೇಲೆ ನಿಲ್ಲಿಸುತ್ತಿದ್ದರು. ಉಳಿಯಲ್ಲಿ ನೇರ ಗೆರೆ ಹೊಡೆಯೋದು ಸುಲಭ, ದುಂಡಗೆ ಕೊರೆಯೋದು ಕಷ್ಟ. ಅದಕ್ಕೇ ಆ ಅಂಕಿ. ಮನೆ ಸಾಗಿಸಿದ್ದಾದರೆ ಪಕ್ಕದಲ್ಲೇ ಮ್ಯೂಸಿಯಂನವರ ಗುರುತೂ ಸಿಗಬಹುದು. ಒಂದು ಜೋಡಿ ಸಿಕ್ಕರೆ ಸಾಕು, ಆಮೇಲೆ ನೀವು ಕರೆದರೂ ಬರಲ್ಲ.

ಈಗ ನಿಮ್ಮ ಪೆಚ್ಚು ನಗೆಯ ವಿಷಯ. ಅದು ನಿಮ್ಮೊಬ್ಬರದ್ದಲ್ಲ. ಬಂದವರಲ್ಲಿ ಅರ್ಧ ಜನ ಹಾಗೇ ನಗುತ್ತಾರೆ, ಇನ್ನರ್ಧ ನಮ್ಮನ್ನು ಗೊಂಬೆ ಅಂದುಕೊಂಡು ಮಾತೇ ಆಡಲ್ಲ. ಸಮಸ್ಯೆ ಏನೆಂದರೆ ಎದುರಿಗಿರೋರು ಯಾವ ಆಟ ಆಡ್ತಿದ್ದಾರೆ ಅಂತ ನಿಮಗೆ ಗೊತ್ತಿಲ್ಲ. ಎರಡು ಥರ ಇರುತ್ತೆ. ಒಂದರಲ್ಲಿ ಅವರು ಆ ಕಾಲದ ಒಬ್ಬ ವ್ಯಕ್ತಿಯೇ ಆಗಿಬಿಟ್ಟಿರುತ್ತಾರೆ, ‘ನಾನು’ ಅಂತಲೇ ಮಾತಾಡುತ್ತಾರೆ, ಫೋನ್ ತೋರಿಸಿದರೆ ಅದೇನು ಅಂತ ಕೇಳುತ್ತಾರೆ. ಅಮೆರಿಕದಲ್ಲಿ 1947ರಲ್ಲಿ ಶುರುವಾದ ಪ್ಲಿಮತ್ ಮ್ಯೂಸಿಯಂನ ಇಂಗ್ಲಿಷರ ಹಳ್ಳಿ ಇದಕ್ಕೆ ಹೆಸರುವಾಸಿ, ಅಲ್ಲಿ ಒಳಗೆ ಕಾಲಿಟ್ಟರೆ 1620ರ ದಶಕ. ಇನ್ನೊಂದರಲ್ಲಿ ಬಟ್ಟೆ ಮಾತ್ರ ಹಳೇದು, ಮಾತು ಇವತ್ತಿನದು: "ಆಗ ಹೀಗೆ ಮಾಡ್ತಿದ್ದರು" ಅಂತ ವಿವರಿಸುತ್ತಾರೆ. ಇದೇ ಜಾಸ್ತಿ ಕಡೆ. ಟಿಕೆಟ್ ಕೊಡುವಾಗಲೇ ಕೇಳಿಬಿಡಿ, ಇಲ್ಲಿ ಯಾವ ಥರ ಅಂತ. ಕೇಳೋಕೆ ಮರೆತರೆ ಎರಡು ಮಾತಿನಲ್ಲಿ ಗೊತ್ತಾಗುತ್ತೆ.

ಮೊದಲನೇ ಥರದವರ ಜೊತೆ ನೀವು ವೇಷ ಕಟ್ಟಬೇಕಿಲ್ಲ. ಇದು ಬಹಳ ಜನಕ್ಕೆ ತಪ್ಪು ಕಲ್ಪನೆ. ನೀವು ನೀವೇ, ದೂರದ ಊರಿಂದ ಬಂದ ನೆಂಟರು ಅಂದುಕೊಳ್ಳಿ. ನೆಂಟರ ಮನೆಗೆ ಹೋದಾಗ ಏನು ಕೇಳ್ತೀವಿ? ಹೊಲ ಹೇಗಿದೆ, ಮಕ್ಕಳೆಷ್ಟು, ಈ ಗಡಿಗೆ ಎಲ್ಲಿ ತಗೊಂಡ್ರಿ. ಅಷ್ಟೇ ಸಾಕು. ಅವರನ್ನು ಸಿಕ್ಕಿಹಾಕಿಸೋ ಪ್ರಶ್ನೆ ಬೇಡ, "ಈಗ ಅಧ್ಯಕ್ಷರು ಯಾರು ಹೇಳಿ" ಅಂತ ಕಾಲೆಳೆಯೋರು ದಿನಕ್ಕೊಬ್ಬರಾದರೂ ಬರುತ್ತಾರೆ. ಪಾತ್ರ ಮಾಡೋರಿಗೆ ಆ ಕಾಲದ ರಾಜನ ಹೆಸರು ಬಾಯಿಪಾಠ ಇರುತ್ತೆ, ನಷ್ಟ ನಿಮ್ಮದೇ.

ನಾನು ಕೂತಷ್ಟು ವರ್ಷ ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆಗಳು ಎರಡು. "ಈ ಬಟ್ಟೆಯಲ್ಲಿ ಸೆಕೆ ಆಗಲ್ವಾ?" ಮತ್ತೆ "ಆ ಬೆಂಕಿ ನಿಜವಾದ್ದಾ?" ಬೆಂಕಿ ಮುಂದೆ ಬೆವರು ಸುರಿಸ್ತಾ ಕೂತಿರುವಾಗ ಎರಡೂ ಒಟ್ಟಿಗೆ ಕೇಳಿದವರಿದ್ದಾರೆ. ಕೇಳಬಾರದು ಅಂತಲ್ಲ, ನಗುತ್ತಲೇ ಉತ್ತರ ಕೊಡ್ತೀವಿ. ಆದರೆ ಕೆಲಸದ ಬಗ್ಗೆ ಕೇಳಿದರೆ ನಮ್ಮ ಮುಖವೇ ಬೇರೆ ಆಗುತ್ತೆ. ಇವತ್ತು ಬೆಳಗ್ಗೆ ಬಂದು ಮೊದಲು ಏನು ಮಾಡಿದಿರಿ? ಇದನ್ನು ಕಲಿಯೋಕೆ ಎಷ್ಟು ವರ್ಷ ಹಿಡೀತು? ಇದು ಮುರಿದರೆ ಯಾರ ಹತ್ತಿರ ಹೋಗ್ತಿದ್ದರು? ಇದರಲ್ಲಿ ನಿಮಗೆ ಇನ್ನೂ ಸರಿಯಾಗಿ ಬರದೇ ಇರೋದು ಏನು? ಈ ಕೊನೆಯ ಪ್ರಶ್ನೆ ಕೇಳಿ ನೋಡಿ. ಒಮ್ಮೆ ಒಬ್ಬ ಹುಡುಗಿ ನನ್ನನ್ನು ಹಾಗೆ ಕೇಳಿದಳು. ಇಟ್ಟಿಗೆಯ ಗೂಡೊಲೆಯ ಕಾವು ಅಂದಾಜು ಮಾಡೋದು ಅಂದೆ. ಅದರೊಳಗೆ ಗಂಟೆಗಟ್ಟಲೆ ಸೌದೆ ಉರಿಸಿ, ಕೆಂಡವನ್ನೆಲ್ಲ ಎಳೆದು ಹಾಕಿ, ನೆಲ ಒರೆಸಿ, ಆಮೇಲೆ ಬರಿಗೈಯನ್ನು ಒಳಗೆ ಹಿಡಿದು ಎಷ್ಟು ಎಣಿಸೋವರೆಗೆ ತಡೆಯೋಕಾಗುತ್ತೆ ಅಂತ ನೋಡಬೇಕು. ಬೇಗ ಕೈ ತೆಗೆದರೆ ಕಾವು ಜಾಸ್ತಿ, ಇನ್ನೂ ಸ್ವಲ್ಪ ಆರೋಕೆ ಬಿಡಬೇಕು. ಬೇರೆಯವರಿಗೆ ಹತ್ತು ಅಂದರೆ ನನ್ನ ಕೈಗೆ ಏಳು. ನನ್ನ ಎಣಿಕೆ ನನಗೆ ಗೊತ್ತಾಗುವಷ್ಟರಲ್ಲಿ ಎರಡು ಚಳಿಗಾಲ ಮತ್ತು ಲೆಕ್ಕವಿಲ್ಲದಷ್ಟು ಕರಟಿದ ರೊಟ್ಟಿ ಆಗಿತ್ತು. ಆ ಹುಡುಗಿ ಮುಕ್ಕಾಲು ಗಂಟೆ ಅಲ್ಲೇ ಕೂತಳು.

ಒಂದು ಎಚ್ಚರಿಕೆ. ಮೂಲನಿವಾಸಿಗಳ ಬದುಕು ತೋರಿಸೋ ಕಡೆ ಎದುರಿಗಿರುವವರು ಸಾಮಾನ್ಯವಾಗಿ ಆ ಸಮುದಾಯದವರೇ. ಪ್ಲಿಮತ್‌ನಲ್ಲಿ ವಾಂಪನೋಗ್ ಜನರ ಮನೆಗಳಿರೋ ಭಾಗದಲ್ಲಿ ಅವರು ಪಾತ್ರ ಮಾಡಲ್ಲ, ಇವತ್ತಿನ ಜನವಾಗಿಯೇ ತಮ್ಮ ಹಿರಿಯರ ಬಗ್ಗೆ ಮಾತಾಡುತ್ತಾರೆ. ಆ ಮ್ಯೂಸಿಯಂ 2020ರಲ್ಲಿ ತನ್ನ ಹೆಸರಿಗೇ ಪಟುಕ್ಸೆಟ್ ಅಂತ ಆ ಜಾಗದ ಹಳೇ ಹೆಸರು ಸೇರಿಸಿಕೊಂಡಿತು. ಇಂಥ ಕಡೆ ಅವರ ಉಡುಪನ್ನು ವೇಷ ಅನ್ನಬೇಡಿ, ನೀವು ನಿಜವಾದವರಾ ಅಂತ ಕೇಳಬೇಡಿ, ಸಿನಿಮಾದಲ್ಲಿ ನೋಡಿದ ಥರ ಬಾಯಿ ಬಡಿದುಕೊಂಡು ಕೂಗಬಾರದು ಅಂತ ಮಗನಿಗೆ ಮೊದಲೇ ಹೇಳಿಡಿ.

ಮಗಳ ವಿಷಯಕ್ಕೆ ಬರ್ತೀನಿ. 13 ಅಂದರೆ ಎಲ್ಲವೂ ನಾಟಕ ಅನ್ನಿಸೋ ವಯಸ್ಸು. ಅರ್ಧ ನಿಜವೂ ಹೌದು. ಈ ಹಳ್ಳಿಗಳಿಗೆ ಒಂದು ಚಾಳಿ ಇದೆ, ಎಲ್ಲವನ್ನೂ ಚೊಕ್ಕಟ ಮಾಡಿ ತೋರಿಸೋದು. ರಸ್ತೆಯಲ್ಲಿ ಸಗಣಿ ಇಲ್ಲ, ಯಾರಿಗೂ ಕಾಯಿಲೆ ಇಲ್ಲ, ಎಲ್ಲರೂ ನಗುನಗುತ್ತಾ ನೂಲುತ್ತಿರುತ್ತಾರೆ. ಇದರ ಬಗ್ಗೆ ಅವಳ ಜೊತೆ ಮುಚ್ಚುಮರೆ ಇಲ್ಲದೆ ಮಾತಾಡಿ. ಇಲ್ಲಿ ಯಾರು ಕಾಣ್ತಿಲ್ಲ ಅಂತ ಹುಡುಕು ಅನ್ನಿ. ವಿಲಿಯಮ್ಸ್‌ಬರ್ಗ್‌ನಲ್ಲಿ 18ನೇ ಶತಮಾನದಲ್ಲಿ ಇದ್ದ ಜನರಲ್ಲಿ ಸುಮಾರು ಅರ್ಧದಷ್ಟು ಕಪ್ಪು ಜನ, ಅವರಲ್ಲಿ ಹೆಚ್ಚಿನವರು ಗುಲಾಮರು. ಮ್ಯೂಸಿಯಂ ಆದ ಮೇಲೆ ದಶಕಗಳ ಕಾಲ ಅಲ್ಲಿ ಗವರ್ನರ್ ಅರಮನೆಯ ಬೆಳ್ಳಿ ಪಾತ್ರೆ ನೋಡಬಹುದಿತ್ತು, ಅದನ್ನು ತೊಳೆದವರ ಕತೆ ಸಿಗುತ್ತಿರಲಿಲ್ಲ. 1979ರಲ್ಲಿ ಕಪ್ಪು ಕಲಾವಿದರು ಆ ಕಾಲದ ಕಪ್ಪು ಜನರ ಪಾತ್ರಗಳಲ್ಲಿ ಬೀದಿಗಿಳಿದ ಮೇಲೆ ಅದು ಬದಲಾಗತೊಡಗಿತು. 1994ರಲ್ಲಿ ಗುಲಾಮರ ಹರಾಜನ್ನು ಬೀದಿಯಲ್ಲಿ ಮಾಡಿ ತೋರಿಸಿದಾಗ ದೊಡ್ಡ ಗಲಾಟೆಯೇ ಆಯ್ತು, ತೋರಿಸಬೇಕು ಅನ್ನೋರು, ತೋರಿಸಲೇಬಾರದು ಅನ್ನೋರು ಎರಡೂ ಕಡೆ. ಇಬ್ಬರ ಮಾತಲ್ಲೂ ಹುರುಳಿದೆ ಅಂತ ನನಗನ್ನಿಸುತ್ತೆ, ಮಗಳಿಗೆ ಏನನ್ನಿಸುತ್ತೆ ಕೇಳಿ.

ಆ ಮೊಳೆ ಇನ್ನೂ ಜೇಬಿನಲ್ಲಿದ್ದರೆ ಅದನ್ನು ತೆಗೆದು ಇನ್ನೊಂದು ವಿಷಯ ಹೇಳಬಹುದು. ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಅವರ ಮಾಂಟಿಚೆಲ್ಲೋ ಎಸ್ಟೇಟಿನಲ್ಲಿ 1794ರಲ್ಲಿ ಒಂದು ಮೊಳೆ ಕುಲುಮೆ ಶುರುವಾಯ್ತು. ಅಲ್ಲಿ ದಿನವಿಡೀ ಮೊಳೆ ಹೊಡೆಯುತ್ತಿದ್ದದ್ದು 10ರಿಂದ 16 ವರ್ಷದ ಗುಲಾಮ ಹುಡುಗರು. ಅವಳ ವಯಸ್ಸಿನವರು. ಕುಲುಮೆಯ ಮುಂದೆ ಐದು ನಿಮಿಷ ನಿಂತಾಗಲೇ ಮುಖ ಸುಟ್ಟ ಹಾಗೆ ಆಗಿರುತ್ತಲ್ಲ, ಜಾಸ್ತಿ ವಿವರಿಸೋ ಅಗತ್ಯ ಇರಲ್ಲ.

ಫೋನ್ ಬಗ್ಗೆ ಜಗಳ ಬೇಡ. ಮ್ಯಾಪ್ ಅವಳ ಕೈಗೆ ಕೊಟ್ಟು, ಮೂರರಲ್ಲಿ ಒಂದು ಕೆಲಸ ಅವಳೇ ಆರಿಸಲಿ. ಅವಳು ಆರಿಸಿದ್ದು ನಿಮಗೆ ಬೋರ್ ಆದರೂ ನಿಲ್ಲಿ.

ಐದು ವರ್ಷದವನಿಗೆ ಇತಿಹಾಸ ಗಿತಿಹಾಸ ಏನೂ ಬೇಡ. ನೀರು, ಪ್ರಾಣಿ, ಕೈಗೆ ಒಂದು ಕೆಲಸ. ಎಷ್ಟೋ ಕಡೆ ಮಕ್ಕಳಿಗೆ ಅಂತ ನೀರು ಹೊರೋದು, ಬಟ್ಟೆ ಒಗೆಯೋದು, ಉಣ್ಣೆ ಹಿಂಜೋದು ಇಟ್ಟಿರುತ್ತಾರೆ. ಆಸ್ಟ್ರೇಲಿಯಾದ ಸಾವರಿನ್ ಹಿಲ್‌ನಲ್ಲಿ, ಅದು 1850ರ ದಶಕದ ಚಿನ್ನದ ಗಣಿ ಊರು, ತೊರೆಯ ಮರಳನ್ನು ತಟ್ಟೆಯಲ್ಲಿ ಜಾಲಿಸಿ ಚಿನ್ನ ಹುಡುಕಬಹುದು, ಚೂರು ಸಿಕ್ಕರೆ ಅದು ನಿಮ್ಮದೇ. ಅಂಥದ್ದು ಸಿಕ್ಕರೆ ಅವನನ್ನು ಎಬ್ಬಿಸಲೇಬೇಡಿ. ನಮ್ಮಲ್ಲಿ ಒಂದು ಕೈಪಂಪ್ ಇತ್ತು. ಒಬ್ಬ ಹುಡುಗ, ಇಷ್ಟೇ ಇಷ್ಟು ಎತ್ತರ, ಬಕೆಟ್ ತುಂಬಿಸೋದು, ತೊಟ್ಟಿಗೆ ಸುರಿಯೋದು, ಮತ್ತೆ ತುಂಬಿಸೋದು. ಅಪ್ಪ ಅಮ್ಮ ಹತ್ತು ನಿಮಿಷ ನೋಡಿ, "ಬಾರೋ, ಇಷ್ಟು ದುಡ್ಡು ಕೊಟ್ಟು ಬಂದಿದ್ದು ಪಂಪ್ ನೋಡೋಕಾ" ಅಂತ ಅಳಿಸಿ ಎಳೆದುಕೊಂಡು ಹೋದರು. ಪಂಪನ್ನೇ ನೋಡೋಕೆ ಕಣ್ರೀ! ಆ ದಿನ ಆ ಹಳ್ಳಿಯಲ್ಲಿ ಅವನಷ್ಟು ಕೆಲಸ ಮಾಡಿದವರು ಇನ್ಯಾರೂ ಇರಲಿಲ್ಲ.

ಬಾತುಕೋಳಿಗಳ ಹತ್ತಿರ ಹೋದರೆ ಕೈ ಹಿಡಿದಿರಿ. ಅದರಲ್ಲೂ ಹೆಬ್ಬಾತು. ಎತ್ತು, ಕುದುರೆಗಳಿಗಿಂತ ಜನರನ್ನು ಓಡಿಸಿದ್ದು ಅವೇ ಜಾಸ್ತಿ.

ನಿಮ್ಮ ಅತ್ತೆಯವರನ್ನು ಸುಮ್ನೆ ಜೊತೆಗೆ ಬಂದವರು ಅಂದುಕೊಳ್ಳಬೇಡಿ. ಇಡೀ ಗುಂಪಿನಲ್ಲಿ ಅಲ್ಲಿನ ವಸ್ತುಗಳಲ್ಲಿ ಒಂದೆರಡನ್ನಾದರೂ ಕೈಯಾರೆ ಬಳಸಿರೋ ಸಾಧ್ಯತೆ ಅವರಿಗೇ ಹೆಚ್ಚು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯೋ, ಕಾಲಲ್ಲಿ ತುಳಿಯೋ ಹೊಲಿಗೆ ಮಿಷನ್ನೋ ಕಂಡರೆ ಮಕ್ಕಳು ಮ್ಯೂಸಿಯಂನವರನ್ನು ಕೇಳೋ ಮೊದಲು ಅಜ್ಜಿಯನ್ನು ಕೇಳಲಿ. ಹಳೇ ವಸ್ತು ಕೈಗೆ ಸಿಕ್ಕಾಗ ನೆನಪು ಹೇಗೆ ಎದ್ದು ಬರುತ್ತೆ ಅನ್ನೋದು ಈ ಮ್ಯೂಸಿಯಂಗಳಿಗೂ ಗೊತ್ತು. ಡೆನ್ಮಾರ್ಕಿನ ಡೆನ್ ಗಾಮ್ಲೆ ಬೈನಲ್ಲಿ 1950ರ ದಶಕದ ಒಂದು ಮನೆಯನ್ನು ಮರೆವಿನ ಕಾಯಿಲೆ ಇರೋ ವೃದ್ಧರಿಗೆ ಅಂತಲೇ ಸಜ್ಜು ಮಾಡಿದ್ದಾರೆ. ಇಂಗ್ಲೆಂಡಿನ ಬೀಮಿಶ್‌ನಲ್ಲೂ ಅಂಥದ್ದೇ ಒಂದು ಇದೆ. ಅಲ್ಲಿ ಹಗ್ಗ ಕಟ್ಟಿ ದೂರ ನಿಲ್ಲಿಸಲ್ಲ, ಕೂತು, ಮುಟ್ಟಿ, ಡಬ್ಬಿ ತೆಗೆದು ಮೂಸಿ ನೋಡಬಹುದು.

ಮೊಣಕಾಲಿಗೆ ಮಾತ್ರ ಈ ಹಳ್ಳಿಗಳು ಕರುಣೆ ತೋರಿಸಲ್ಲ. ಜಲ್ಲಿ ದಾರಿ, ಎತ್ತರದ ಹೊಸ್ತಿಲು, ಕಡಿದಾದ ಅಟ್ಟದ ಮೆಟ್ಟಿಲು, ತಗ್ಗಿನ ಬಾಗಿಲು. ಹಳೇ ಕಟ್ಟಡಕ್ಕೆ ಲಿಫ್ಟ್ ಕೂರಿಸೋಕೆ ಆಗಲ್ಲ ಅಲ್ವಾ. ಹೋಗೋ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ: ಗಾಲಿಕುರ್ಚಿ ಸಿಗುತ್ತಾ, ಯಾವ ಯಾವ ಮನೆಗೆ ಮೆಟ್ಟಿಲಿಲ್ಲದೆ ಹೋಗಬಹುದು, ಒಳಗೆ ಗಾಡಿ ಓಡುತ್ತಾ. ಬೀಮಿಶ್ ಥರದ ದೊಡ್ಡ ಕಡೆ ಹಳೇ ಟ್ರಾಮು, ಬಸ್ಸು ಸುತ್ತು ಹೊಡೆಯುತ್ತಿರುತ್ತವೆ. ಒಂದು ಸುತ್ತು ಸುಮ್ನೆ ಕೂತು ಬಂದರೆ ಜಾಗದ ಪರಿಚಯವೂ ಆಗುತ್ತೆ, ಕಾಲಿಗೂ ಆರಾಮ. ಗಾಡಿ ಇಲ್ಲದಿದ್ದರೆ ಅತ್ತೆಯವರು ಮಗ್ಗದ ಮನೆಯಲ್ಲೋ ಕುಂಬಾರರ ತಿಗರಿ ಮುಂದೆಯೋ ಕೂತಿರಲಿ, ನೀವು ಸುತ್ತಿ ಬನ್ನಿ. ಒಂದು ಗಂಟೆ ಕೂತು ನೋಡಿದವರಿಗೆ ಏನೇನು ಗೊತ್ತಾಗಿರುತ್ತೆ ಅಂತ ಆಮೇಲೆ ಅವರ ಬಾಯಲ್ಲೇ ಕೇಳಿ.

ಮಿಕ್ಕಿದ್ದು ಸಣ್ಣಪುಟ್ಟದ್ದು. ಆ ದಿನದ ವೇಳಾಪಟ್ಟಿ ನೋಡದೆ ಹೊರಡಬೇಡಿ. ಇದೇ ಕಸುಬಿನವಳಾಗಿ ನಾನೇ ಒಮ್ಮೆ ನಾಲ್ಕು ಗಂಟೆ ಪ್ರಯಾಣ ಮಾಡಿ ಒಂದು ಪ್ರಸಿದ್ಧ ಕುಲುಮೆ ನೋಡೋಕೆ ಹೋಗಿ, ಅವತ್ತು ಕಮ್ಮಾರರಿಗೆ ವಾರದ ರಜೆ ಅಂತ ಬೋರ್ಡ್ ನೋಡಿ ವಾಪಸ್ ಬಂದಿದ್ದೇನೆ. ಚಳಿ ದೇಶಗಳಲ್ಲಿ ಎಷ್ಟೋ ಹಳ್ಳಿಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ, ಇಲ್ಲವೇ ಅರ್ಧ ಮಾತ್ರ ತೆರೆದಿರುತ್ತವೆ. ಶಾಲೆ ನಡೆಯೋ ದಿನಗಳಲ್ಲಿ ಬೆಳಗ್ಗೆ ಪೂರ್ತಿ ಶಾಲಾ ಪ್ರವಾಸದ ಮಕ್ಕಳ ಗದ್ದಲ, ಊಟ ಆದ ಮೇಲೆ ಖಾಲಿ. ರಜೆ ದಿನವಾದರೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ, ಹೆಬ್ಬಾಗಿಲ ಹತ್ತಿರದ ಮನೆಗಳಿಗೆ ಮುಗಿಬೀಳದೆ ನೇರ ಕೊನೆಯ ತುದಿಗೆ ನಡೆದು ಅಲ್ಲಿಂದ ಹಿಂದಕ್ಕೆ ಬನ್ನಿ. ಮೊದಲ ಒಂದು ಗಂಟೆ ಆ ಕಡೆ ನೀವೊಬ್ಬರೇ ಇರ್ತೀರಿ. ಮಳೆ ಬಂದರೆ ಕ್ಯಾನ್ಸಲ್ ಮಾಡಬೇಡಿ, ಮಳೆ ದಿನ ಜನ ಕಡಿಮೆ, ಒಲೆ ಹತ್ತಿರ ಜಾಗ ಸಿಗುತ್ತೆ, ನಮಗೂ ಮಾತಾಡೋಕೆ ಪುರುಸೊತ್ತು. ಮಣ್ಣಾದರೂ ಪರವಾಗಿಲ್ಲ ಅನ್ನೋ ಶೂ ಹಾಕಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಹೊಗೆಯ ಬಗ್ಗೆ ಯೋಚಿಸಿ, ಒಳಗಿನ ಒಲೆಗಳು ನಿಜವಾಗಿಯೂ ಹೊಗೆ ಕಾರುತ್ತವೆ. ಅಂಗಡಿಯಲ್ಲಿ ಏನಾದರೂ ಕೊಳ್ಳೋದಾದರೆ "ಇದು ಇಲ್ಲೇ ಮಾಡಿದ್ದಾ" ಅಂತ ಕೇಳಿ, ಇಲ್ಲಿನದ್ದಾದರೆ ಯಾರು ಮಾಡಿದ್ದು ಅಂತಲೂ ಹೇಳುತ್ತಾರೆ. ಬೆಳಗ್ಗೆ ಅವರ ಕೈಯಲ್ಲೇ ಅದನ್ನು ನೋಡಿರಲೂಬಹುದು.

ಮುಚ್ಚೋ ಮೊದಲಿನ ಅರ್ಧ ಗಂಟೆ ಬಿಟ್ಟುಕೊಡಬೇಡಿ. ಎಲ್ಲರೂ ಪಾರ್ಕಿಂಗ್ ಕಡೆ ಓಡ್ತಿರ್ತಾರೆ. ಆಗ ಕೆಂಡಕ್ಕೆ ಬೂದಿ ಮುಚ್ಚೋದು, ಕುರಿಗಳನ್ನು ಒಳಗೆ ಹೊಡೆಯೋದು, ಉಪಕರಣ ಒರೆಸಿ ಎಣ್ಣೆ ಹಚ್ಚಿ ತೂಗುಹಾಕೋದು ನಡೀತಿರುತ್ತೆ. ಇದು ಯಾವ ವೇಳಾಪಟ್ಟಿಯಲ್ಲೂ ಇರಲ್ಲ, ಯಾರಿಗೂ ತೋರಿಸೋಕೆ ಅಂತ ಮಾಡೋದೂ ಅಲ್ಲ. ಸುಮ್ನೆ ಪಕ್ಕದಲ್ಲಿ ನಿಂತರೆ ಸಾಕು, ಮಗನ ಕೈಗೆ ಯಾರಾದರೂ ಒಂದು ಪೊರಕೆ ಕೊಟ್ಟರೂ ಕೊಟ್ಟಾರು.

ಸ್ಟೂಲ್ ಖಂಡಿತ ತಗೊಂಡು ಹೋಗಿ. ಹೆಚ್ಚಿನ ಕಡೆ ಏನೂ ಅನ್ನಲ್ಲ, ಫೋನ್ ಮಾಡಿದಾಗ ಅದನ್ನೂ ಒಮ್ಮೆ ಕೇಳಿಬಿಡಿ. ಕಾಲಿನ ತುದಿಗೆ ರಬ್ಬರ್ ಇರೋದು ನೋಡಿ ತಗೊಳ್ಳಿ, ಹಳೇ ಮರದ ನೆಲಕ್ಕೆ ಗೀರು ಬೀಳಬಾರದು. ಕುಲುಮೆಯಲ್ಲಿ ಮಾತ್ರ ಅಡಿಗಲ್ಲಿಗೆ ತೀರಾ ಹತ್ತಿರ ಹಾಕಬೇಡಿ, ಬಾಗಿಲ ಪಕ್ಕ ಹಾಕಿ. ಕಿಡಿ ಅಲ್ಲಿವರೆಗೆ ಹಾರಲ್ಲ, ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತೆ.